ಪೌಂಡಿಗೆ ಆರು ಪೆನ್ನಿ

ಕಡಲಂಚಿನ ಊರೊಂದರಲ್ಲಿ ಮೂರು ಗೋಲು ತಿಂದು, ಒಂದೂ ಹೊಡೆಯದೆ
ವಾಪಸು ಹೊರಟಿದ್ದೆವು, ಇಪ್ಪತ್ತಮೂರು ಜನ,
ಐವತ್ತು ಸೀಟಿನ ಬಸ್ಸಿನಲ್ಲಿ.
ಸ್ಟೋಕ್ ದಾಟಿದ ಮೇಲೆ ಹೆದ್ದಾರಿ ಕಟ್ಟಿಕೊಂಡಿತು.
ಮುಂದೆ ಮೈಲುಗಟ್ಟಲೆ ಕೆಂಪು ದೀಪ.
ಹೀಟರು ಎಡಗಡೆಗೆ ಮಾತ್ರ ಬಿಸಿ;
ಬಲಗಡೆಯವರು ಕೋಟು ಬಿಚ್ಚಿರಲಿಲ್ಲ.

ಮಾತು ತಾನಾಗಿ ಅವನತ್ತ ಹೊರಳಿತು.
ಅವನ ಹೆಸರನ್ನು ಈಗೀಗ ನಾವು ಹೇಳುವುದಿಲ್ಲ.
'ಅವನು' ಅಂದರೆ ಸಾಕು, ಥಾರ್ನ್‌ಬೆಕ್‌ನಲ್ಲಿ
ಕೈಗೂಸಿಗೂ ಗೊತ್ತು.

ಕ್ಯಾರವಾನ್ ಮಾರಿ ದುಡ್ಡು ಮಾಡಿದವನು.
ಬಂದ ದಿನ ನಮ್ಮ ಸ್ಕಾರ್ಫನ್ನು ತಲೆಕೆಳಗಾಗಿ ಹಿಡಿದು
ಫೋಟೋಕ್ಕೆ ನಕ್ಕಿದ್ದ. ನಾವೂ ಚಪ್ಪಾಳೆ ಹೊಡೆದಿದ್ದೆವು,
ಅದನ್ನು ಯಾರೂ ಎತ್ತುವುದಿಲ್ಲ.
ಆಮೇಲೆ ಕಾರು ನಿಲ್ಲಿಸುವ ಜಾಗವನ್ನು
ತನ್ನದೇ ಇನ್ನೊಂದು ಕಂಪನಿಗೆ ಮಾರಿದ,
ಎಡಗೈಯಿಂದ ಬಲಗೈಗೆ.
ಆಮೇಲೆ ಅಭ್ಯಾಸದ ಮೈದಾನ. ಆಮೇಲೆ ಗೋಲ್‌ಕೀಪರು.
ಒಂದು ವರ್ಷದಿಂದ ಅವನ ಕುರ್ಚಿಯಲ್ಲಿ
ಪಾರಿವಾಳಗಳೇ ಅಧ್ಯಕ್ಷರು.

"ಮುಳುಗಲಿ," ಅಂದ ಕ್ಲಿಫ್. "ದಿವಾಳಿ ಎದ್ದು ಹೋಗಲಿ.
ಕೋರ್ಟು ಒಬ್ಬ ಆಡಳಿತಾಧಿಕಾರಿಯನ್ನು ತಂದು ಕೂರಿಸಲಿ.
ಹನ್ನೆರಡು ಅಂಕ ಕಳೆಯುತ್ತಾರಾ, ಕಳೆಯಲಿ,
ಒಂದು ಡಿವಿಷನ್ ಕೆಳಗಾ, ಹೋಗೋಣ.
ಅವನು ತೊಲಗಿದರೆ ಸಾಕು."

"ನೆಗಡಿಗೆ ಮೂಗು ಕೊಯ್ಯುತ್ತೀಯ?" ಒಲ್ವೆನ್ ಕೇಳಿದಳು,
ಹೆಣೆಯುತ್ತಿದ್ದ ಕಡ್ಡಿಯಿಂದ ಕಣ್ಣೆತ್ತದೆ.
ಅವಳಪ್ಪ ಅರವತ್ತೆರಡರ ತಂಡದಲ್ಲಿ ಆಡಿದವನು.
"ಮೂಗನ್ನೂ ಅಡವಿಟ್ಟಾಗಿದೆ," ಅಂದ ಕ್ಲಿಫ್.
ಹಿಂದಿನ ಸೀಟಿನವರು ನಕ್ಕರು. ಒಲ್ವೆನ್ ನಗಲಿಲ್ಲ.

ಶಗುಫ್ತಾ ಫೋನಿನಲ್ಲಿ ಲೆಕ್ಕಪತ್ರ ತೆಗೆದಳು.
ಹಗಲು ಪುರಸಭೆಯಲ್ಲಿ ತೆರಿಗೆ ನೋಡುವವಳು,
ಹತ್ತು ವರ್ಷದವಳಿದ್ದಾಗಿನಿಂದ
ಉತ್ತರದ ಗೋಲಿನ ಹಿಂದೆ ನಿಲ್ಲುವವಳು.
"ಹನ್ನೊಂದನೇ ಪುಟ," ಅಂದಳು. "ಸಾಲದ ಪಟ್ಟಿ.
ಮೊದಲು ಅಡವಿಟ್ಟುಕೊಂಡವನಿಗೆ, ಅಂದರೆ ಅವನಿಗೇ.
ಆಮೇಲೆ ಆಟಗಾರರಿಗೆ, ಆಮೇಲೆ ಸರ್ಕಾರಕ್ಕೆ.
ಉಳಿದವರಿಗೆ ಪೌಂಡಿಗೆ ಆರು ಪೆನ್ನಿ ಸಿಕ್ಕರೆ ಪುಣ್ಯ."
"ಉಳಿದವರು ಅಂದರೆ?"
"ಉಳಿದವರು."

ನಾನೂ ಬಾಯಿ ಹಾಕಿದೆ. ಅರ್ಧ ಬಾಟಲಿ ಸೈಡರ್ ಒಳಗಿತ್ತು.
ಎದ್ದು ನಿಂತು, ಕಂಬಿ ಹಿಡಿದು, ಭಾಷಣವನ್ನೇ ಮಾಡಿದೆ:
ನಲವತ್ತು ವರ್ಷ ಟಿಕೆಟ್ಟು ಕೊಂಡವರು ನಾವು,
ಕ್ಲಬ್ಬು ನಮ್ಮದು, ಅವನು ಬಾಡಿಗೆಯವನು,
ಸೋಮವಾರವೇ ಬೀಗ ಬೀಳಲಿ, ಸೊನ್ನೆಯಿಂದ ಕಟ್ಟೋಣ!
ಎಲ್ಲರೂ ಸೀಟು ಬಡಿದರು.
ಗೆದ್ದ ಹಾಗೆ ಅನ್ನಿಸಿತು. ಹಾಗನ್ನಿಸಿ ಬಹಳ ದಿನವಾಗಿತ್ತು.

ಬಸ್ಸು ಎರಡು ಮಾರು ಮುಂದೆ ಹೋಗಿ ಮತ್ತೆ ನಿಂತಿತು.
ಡೆನ್ಜಿಲ್ ಬ್ರೇಕ್ ಎಳೆದ.
ಕನ್ನಡಿಯಲ್ಲಿ ಅವನ ಕಣ್ಣು, ನನ್ನನ್ನೇ ನೋಡುತ್ತಿತ್ತು.
"ಸೆಪ್ಟೆಂಬರಿನಿಂದ," ಅಂದ, ಹವಾಮಾನ ಹೇಳುವವನಂತೆ,
"ಆಟಗಾರರನ್ನು ಒಯ್ದ ಒಂಬತ್ತು ಟ್ರಿಪ್ಪು ಬಾಕಿ.
ಹನ್ನೊಂದನೇ ಪುಟದಲ್ಲಿ ನಾನೂ ಇದ್ದೇನೆ.
ಹೆಸರು ತಪ್ಪಾಗಿ ಬರೆದಿದ್ದಾರೆ, ಆದರೆ ನಾನೇ."

ಒಲ್ವೆನ್ ಹೆಣಿಗೆ ಎಣಿಸುವುದು ಕೇಳುತ್ತಿತ್ತು.
ಜೆರ್ಸಿ ಒಗೆಯುವ ಎಡ್ನಾ, ಪೈ ಕಳಿಸುವ ಬೇಕರಿ,
ಬಿಳಿ ಗೆರೆ ಎಳೆಯುವ ಮುದುಕ,
ಬ್ಯಾಂಡೇಜು ಹೊತ್ತು ಓಡುವ ಆಂಬುಲೆನ್ಸಿನ ಹುಡುಗರು:
ಆ ಪುಟ ನನ್ನ ತಲೆಯಲ್ಲಿ ಉದ್ದವಾಗುತ್ತಾ ಹೋಯಿತು.

"ಹಾಗಾದರೆ ಅವನೇ ಇರಲಿ ಅಂತೀಯ?" ಕ್ಲಿಫ್ ಕೇಳಿದ.
"ನಾನೇನೂ ಅನ್ನಲಿಲ್ಲ," ಅಂದ ಡೆನ್ಜಿಲ್.
"ಅವನಿದ್ದರೆ ಪೂರ್ತಿ ಬಾಕಿ. ಹೋದರೆ ಆರು ಪೆನ್ನಿ.
ನೀವೇ ಲೆಕ್ಕ ಹಾಕಿ."

ನಾನು ಕೂತೆ. ಬಲಗಡೆ ಸಿಕ್ಕಿತು ಸೀಟು.

ಊರು ಮುಟ್ಟಿದಾಗ ರಾತ್ರಿ ಒಂದೂವರೆ.
ಇಪ್ಪತ್ತರ ನೋಟು ಮಡಚಿ ಹಿಡಿದು ಬಾಗಿಲಲ್ಲಿ ನಿಂತೆ,
ಕೊಟ್ಟರೆ ಅವಮಾನವೋ, ಕೊಡದಿದ್ದರೋ.
ಡೆನ್ಜಿಲ್ ಅದನ್ನು ನೋಡಲಿಲ್ಲ. ಅಥವಾ ನೋಡಿದ.
"ಮಂಗಳವಾರ ಕಪ್ ಪಂದ್ಯ," ಅಂದ. "ಎರಡಕ್ಕೆ ಸರಿಯಾಗಿ ಬನ್ನಿ.
ಬಲಗಡೆಯ ಹೀಟರು ರಿಪೇರಿ ಮಾಡಿಸುತ್ತೇನೆ,
ದುಡ್ಡು ಬಂದರೆ."